ಆರು ಮಂದಿ, ಮತ್ತೊಬ್ಬಾಕಿ

ದೆವ್ವ, ಭೂತ, ಗಾಳಿ, ಸೋಂಕು ಮುಂತಾದ ಇಲಾಖೆಗಳ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ಸೇರುವುದಿಲ್ಲ, ನನಗೆ ದೆವ್ವ ಸೇರುತ್ತಿರಲಿಲ್ಲ, ಅಷ್ಟೇ. ಗೋಕಾಕದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಇಡೀ ನೌಕರಿ ಕಳೆದವನು ನಾನು. ಡ್ರಾಯಿಂಗ್ ಮಾಸ್ತರ ಎಂದರೆ ಬೇರೆ ಯಾವ ಮಾಸ್ತರರು ರಜೆ ಹಾಕಿದರೂ ಅವರ ತರಗತಿಗೆ ದಬ್ಬಿಸಿಕೊಳ್ಳುವ ಜೀವಿ. ಗಣಿತದ ಹೊತ್ತಿನಲ್ಲಿ ಮಾವಿನಹಣ್ಣು, ವಿಜ್ಞಾನದ ಹೊತ್ತಿನಲ್ಲಿ ಹೂಜಿ, ಇತಿಹಾಸದ ಹೊತ್ತಿನಲ್ಲಿ ಮತ್ತೆ ಮಾವಿನಹಣ್ಣು ಬರೆಸುತ್ತಾ ನಾನು ನಾಡು ಕಟ್ಟಿದೆ. "ಕಂಡದ್ದನ್ನ ತಗೀರಿ, ಕಾಣಲಾರದ್ದನ್ನ ತಗೀಬ್ಯಾಡ್ರಿ" ಎಂದು ಹುಡುಗರಿಗೆ ಹೇಳಿ ಹೇಳಿ ಅದೇ ನನ್ನ ಧರ್ಮಶಾಸ್ತ್ರವೂ ಆಗಿಬಿಟ್ಟಿತ್ತು.

ಇಂಥ ಸಂಗತಿಗಳು ಅಮಾವಾಸ್ಯೆಯ ನಡುರಾತ್ರಿ ನಡೆಯಬೇಕೆಂಬುದು ರೂಢಿ. ನನ್ನದು ನಡೆದದ್ದು ಹಾಡೇ ಹಗಲು, ಮಧ್ಯಾಹ್ನದ ಊಟವಾದ ಮೇಲೆ. ಈ ಕೊರತೆಗಾಗಿ ಓದುಗರ ಕ್ಷಮೆ ಕೇಳಿ ಮುಂದುವರಿಯುತ್ತೇನೆ.

ನಿವೃತ್ತಿಯಾದ ಮೇಲೆ ನಾನು ಧುಪದಾಳಕ್ಕೆ ಬಂದು ಅಕ್ಕನ ಮನೆ ಸೇರಿದ್ದೆ. ನನಗೆ ಮದುವೆಯಾಗಿರಲಿಲ್ಲ, ಅದರ ಕಾರಣ ಹೇಳುವಷ್ಟು ಸ್ವಾರಸ್ಯದ್ದಲ್ಲ. ಅಕ್ಕನ ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಸುನಂದಾಳನ್ನು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಗೆ ಕೊಟ್ಟಿತ್ತು. ನಮ್ಮವ್ವ ಹೋದಾಗ ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆ ಗುಂಡಿ ಹಾಕಿದ್ದು, ಜಡ್ಡು ಬಂದಾಗ ಹಣೆ ಮುಟ್ಟಿ ನೋಡಿದ್ದು, ಚಿತ್ರ ಕಲಿಯುತ್ತೇನೆಂದು ಹಟ ಹಿಡಿದಾಗ ಅಪ್ಪನೆದುರು ನನ್ನ ಪರವಾಗಿ ನಿಂತದ್ದು ಎಲ್ಲ ಅಕ್ಕನೇ. ಹೀಗಾಗಿ ನಮ್ಮ ಮನೆಯಲ್ಲಿ ತಲೆನರೆತ ನಾನು ಕೊನೆಯವರೆಗೂ 'ತಮ್ಮಾ' ಆಗಿಯೇ ಉಳಿದೆ. ಮನೆಯ ಹಿತ್ತಲ ಬಾಗಿಲು ತೆರೆದರೆ ನಾಲ್ಕಾರು ಮೆಟ್ಟಿಲು, ಅದರ ಕೆಳಗೆ ಒಡ್ಡಿನ ಹಿನ್ನೀರು. ಮಳೆಗಾಲದಲ್ಲಿ ನೀರು ಒಡ್ಡು ಹಾಯ್ದು ಇಳಿಯುವ ಸದ್ದಿಗೆ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ಸಣ್ಣಗೆ ಗುಂಯ್‌ಗುಡುತ್ತವೆ.

ಇನ್ನು ರಜಾಕ. ನನ್ನ ಹಳೆಯ ವಿದ್ಯಾರ್ಥಿ. ಮೂಡಲಗಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ಜೊತೆಗೆ ಕಾದಂಬರಿ ಬರೆಯುವ ಚಟವೂ ಇದೆ. ಬರೆಯುತ್ತಾನೆ ಎಂದರೆ ತಪ್ಪು. ಗಿರಾಕಿ ಇಲ್ಲದಾಗ ಮೊಬೈಲಿನ ಮುಂದೆ ಕೂತು ಮಾತಾಡುತ್ತಾನೆ, ಅದು ಅಕ್ಷರ ಮಾಡಿಕೊಳ್ಳುತ್ತದೆ. ಅವನ ಹಸ್ತಪ್ರತಿ ತಿದ್ದುವಾಗ ಪಾತಾಳದ ರಾಣಿ ಸೇನಾಪತಿಗೆ "ಎರಡ ಇಂಚಿನ ವಾಲ್ವ್ ಖಾಲಿ ಆಗೈತ್ರಿ, ಸೋಮವಾರ ಬರ್ರಿ" ಎಂದು ಆಜ್ಞಾಪಿಸಿದ್ದನ್ನು ನಾನೇ ಹೊಡೆದು ಹಾಕಿದ್ದೇನೆ. ಈ ಸಲ ಅವನು ಹಿಡಿದದ್ದು ನಮ್ಮ ಹೊಳೆಯ ಕಥೆ. ನೀರಿನ ತಳದಲ್ಲಿ ಒಂದು ರಾಜ್ಯ, ಅದನ್ನು ಕಾಯುವ ಹೊಳೆಯಕ್ಕಗಳು. ಅವರ ಚಿತ್ರಗಳನ್ನೂ ಮೊಬೈಲಿಗೇ ಹೇಳಿ ತೆಗೆಸಿಕೊಂಡು ಬಂದಿದ್ದ. ತುಟಿಗೆ ಬಣ್ಣ ಹಚ್ಚಿಕೊಂಡ ಗೋಧಿ ಮೈಬಣ್ಣದ ಹುಡುಗಿಯರು. ಹಿಂದೆ ಹಿಮದ ಗುಡ್ಡ. ಒಬ್ಬಳ ಕೈಗೆ ಆರು ಬೆರಳು.

"ಬಳ್ಳ ಆರ ಅದಾವಲ್ಲೋ" ಎಂದೆ.

"ದೇವ್ರಂಥಾ ಮಂದಿ ಸರ, ಒಂದ ಬಳ್ಳ ಹೆಚ್ಚಿಗಿ ಇರಲಿ ಬಿಡ್ರಿ" ಎಂದ. ಆಮೇಲೆ ತಾನೇ ನಕ್ಕು, "ಇಲ್ರಿ ಸರ, ಇವು ನಮ್ಮ ಹೊಳಿ ನೀರ ಕುಡದಾವ ಅಲ್ಲ. ನೀವ ತಗದ ಕೊಡಬೇಕು" ಎಂದು ಕರದಂಟಿನ ಪೆಟ್ಟಿಗೆ ಮುಂದಿಟ್ಟ. ನನ್ನ ಧರ್ಮಶಾಸ್ತ್ರ ಅಂಟಿನ ಜೊತೆಗೆ ಕರಗಿತು.

ಹೊಳೆಯಕ್ಕಗಳೆಂದರೆ ದಂಡೆಯ ಬೇವಿನ ಗಿಡದ ಬುಡದಲ್ಲಿ ಸುಣ್ಣ ಹಚ್ಚಿ ಅರಿಷಿಣ ಕುಂಕುಮ ಇಟ್ಟ ಕಲ್ಲುಗಳು. ಹೆಣ್ಣುಮಕ್ಕಳು ಅವಕ್ಕೆ ಹಸಿರು ಖಣ ಏರಿಸುತ್ತಾರೆ, ಮೊಸರನ್ನದ ಎಡೆ ಇಡುತ್ತಾರೆ. ನನಗೆ ಗೊತ್ತಿದ್ದದ್ದು ಇಷ್ಟೇ. ರಜಾಕ ನನ್ನನ್ನು ಬಿಟ್ಟು ಅಕ್ಕನ ಮುಂದೆ ಕೂತ. ಆಗ ಅಕ್ಕ ಇನ್ನೂ ಗಟ್ಟಿಯಾಗಿದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತಾ ಹೇಳಿದಳು:

"ಆರ ಮಂದಿ ಅಕ್ಕತಂಗ್ಯಾರು, ಮತ್ತೊಬ್ಬಾಕಿ. ನೀರ ಇಳದಾಗ ದಂಡಿಮ್ಯಾಲ ಕುಂತಿರ್ತಾರ, ನೀರ ಏರಿದಾಗ ಎದ್ದ ಅಡ್ಡಾಡ್ತಾರ. ಯಾರಿಗೂ ಏನೂ ಮಾಡೂದಿಲ್ಲ. ಬಾ ಅಂದ್ರ ಬರ್ತಾರ, ಹೋಗ ಅಂದ್ರ ಹೋಗ್ತಾರ, ಮನಿ ಹೆಣ್ಣಮಕ್ಕಳ ಹಂಗ."

"ಮತ್ತೊಬ್ಬಾಕಿ ಅಂದ್ರ ಯಾರ್ರೀ ಅಕ್ಕಾರ?"

"ಮತ್ತೊಬ್ಬಾಕಿ ಅಂದ್ರ ಮತ್ತೊಬ್ಬಾಕಿನಪಾ. ಚಾ ಆರಾಕತ್ತೈತಿ, ಕುಡಿ."

ಆ ಒಂದು ಮಾತಿನಿಂದ ರಜಾಕನ ಕಾದಂಬರಿ ಇಡಿಯಾಗಿ ಹೊರಳಿತು. ಆರು ಜನ ನೀರಿನವರು. ಆ ಇನ್ನೊಬ್ಬಳ ಜಾಗ ಮಾತ್ರ ಯಾವಾಗಲೂ ಖಾಲಿ. ದಂಡೆಯ ಮೇಲಿನ ಯಾವಳೋ ಒಬ್ಬ ಮನುಷ್ಯ ಹೆಂಗಸು ಹೋಗಿ ಅದನ್ನು ತುಂಬುತ್ತಾಳೆ. ಅವಳ ಕಾಲ ಮುಗಿದ ಮೇಲೆ ಇನ್ನೊಬ್ಬಳು. ಫೋನಿನಲ್ಲಿ ಅವನು ಇದನ್ನು ಉಸಿರು ಕಟ್ಟಿ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಯಾಕೆಂದರೆ ಅದು ಕಥೆಯಲ್ಲ, ಎಣಿಕೆ.

ನಮ್ಮಪ್ಪನದು ಕಾಳಿನ ವ್ಯಾಪಾರ. ಮನೆಯಲ್ಲಿ ಸೇರು ಹಿಡಿದು ಜೋಳ ಅಳೆಯುವ ಕೆಲಸ ಅಕ್ಕನದಾಗಿತ್ತು. ಅಳೆಯುವಾಗ 'ಒಂದು' ಅನ್ನುವಂತಿಲ್ಲ, 'ಲಾಭ' ಅನ್ನಬೇಕು. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಆರಾದ ಮೇಲಿನದನ್ನು ಬಾಯಲ್ಲಿ ಆಡುವಂತೆಯೇ ಇಲ್ಲ. 'ಮತ್ತೊಂದು' ಎಂದು ದಾಟಿಸಿ ಎಂಟಕ್ಕೆ ಹೋಗಬೇಕು. ಆ ಅಂಕಿಯ ಹೆಸರೂ ಕೂತವರನ್ನು ಎಬ್ಬಿಸುವ ಮಾತೂ ನಮ್ಮ ಭಾಷೆಯಲ್ಲಿ ಒಂದೇ ಅಲ್ಲವೇ? ರಾಶಿಯ ಮುಂದೆ ಕೂತು 'ಏಳು' ಅಂದರೆ ರಾಶಿಯಲ್ಲಿ ಕೂತ ಲಕ್ಷ್ಮಿ ಎದ್ದು ನಡೆದುಬಿಡುತ್ತಾಳೆ ಎಂಬುದು ನಮ್ಮ ಮನೆಯ ಅರ್ಥಶಾಸ್ತ್ರ. ಸಣ್ಣವನಿದ್ದಾಗ ಮಗ್ಗಿ ಕಲಿತ ಹುರುಪಿನಲ್ಲಿ ನಾನೊಮ್ಮೆ ಆ ಅಂಕಿಯನ್ನು ಗಟ್ಟಿಯಾಗಿ ಅಂದುಬಿಟ್ಟೆ. "ಕುಂತಾಕಿಗಿ ಏಳ ಅಂತೀಯೇನೋ ಹುಚ್ಚ ಮೂಳಾ?" ಎಂದು ಅಕ್ಕ ತಲೆಗೆ ಮೊಟಕಿದ್ದಳು. ಅಳತೆಯ ಈ ಅಭ್ಯಾಸ ಅವಳ ಬಾಯಿಂದ ಎಂದೂ ಬಿಡಲಿಲ್ಲ. ರೊಟ್ಟಿ ಎಣಿಸಿದರೂ ಅಷ್ಟೇ, ದೇವರುಗಳನ್ನು ಎಣಿಸಿದರೂ ಅಷ್ಟೇ.

ರಜಾಕನಿಗೆ ಇದನ್ನೆಲ್ಲ ವಿವರಿಸಿದೆ. "ನಿಮ್ಮ ಲೆಕ್ಕ ನಿಮಗಿರಲಿ ಸರ, ನನ್ನ ಕಾದಂಬರಿ ನಿಂತಿರೂದ ಆ ಮತ್ತೊಬ್ಬಾಕಿ ಮ್ಯಾಲ" ಎಂದು ಅವನು ಫೋನಿಟ್ಟ. ಅಕ್ಕನಿಗೂ ಹೇಳಿ, ನೋಡಕ್ಕ, ನಿನ್ನ ಸೇರಿನ ಲೆಕ್ಕದಿಂದ ಒಬ್ಬ ಲೇಖಕ ಹಾಳಾದ ಎಂದು ನಕ್ಕೆ. ಅವಳು ಕೈಯಲ್ಲಿನ ಮೊರ ನಿಲ್ಲಿಸಿ, "ಅಂವಾ ತಪ್ಪ ತಿಳಕೊಂಡಾನ ಅಂತ ನಿನಗ ಯಾರ ಹೇಳಿದ್ರು?" ಎಂದಳು. ಮುಖ ನೋಡಿದೆ. ಅದರಲ್ಲಿ ನಗು ಇತ್ತೋ ಇಲ್ಲವೋ ಈಗ ನೆನಪಾಗುತ್ತಿಲ್ಲ. ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ.

ಆ ಬೇಸಿಗೆ ಮುಗಿಯುವ ಮೊದಲೇ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ಬಾಯಿ ಒಂದು ಕಡೆ ಜೋತಿತು, ಮಾತು ನಿಂತೇಹೋಯಿತು. ಗೋಕಾಕದ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಎದ್ದು ಓಡಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಹೇಳಿದ್ದರೂ ನಡೆಯುತ್ತಿತ್ತು, ಅಕ್ಕನಿಗೆ ಅದು ಮೊದಲೇ ತಿಳಿದಿತ್ತು. ಸುನಂದಾ ಬಂದು ಇದ್ದಷ್ಟು ದಿನ ಇದ್ದಳು. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಒಬ್ಬರಿದ್ದರು. ಅತ್ತ ಹೋಗಿ ಇತ್ತ ಬಂದು ಮಾಡುತ್ತಿದ್ದಳು. ಉಳಿದ ಹೊತ್ತು ನಾನೇ. ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದು ಅಕ್ಕನ ಮೈ ಒರೆಸಿ ಸೀರೆ ಬದಲಿಸಿ ಹೋಗುತ್ತಿದ್ದಳು. ಆಮೇಲೆ ನನ್ನ ಸರದಿ: ಕೈಕಾಲು ಮಡಿಚಿ ಬಿಡಿಸುವ ಕಸರತ್ತು. ಕಸರತ್ತು ಮುಗಿಸಿ ಭುಜ ಹಿಡಿದು ದಿನಾ ಕೇಳಿಕೊಳ್ಳುತ್ತಿದ್ದೆ. ಏಳಕ್ಕ. ಒಂದ ಸಲ ಏಳು. ನಾ ಹಿಡಕೊಂಡೇನಿ, ಏಳು. ಅಕ್ಕ ನನ್ನನ್ನೇ ನೋಡುತ್ತಾ ಮಲಗಿರುತ್ತಿದ್ದಳು. ಬೇಡಿದ್ದನ್ನು ಕೊಡಲಾಗದವರ ನೋಟ ಅದು. ನಾನು ಮುಖ ತಿರುಗಿಸಿ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕುವುದರಲ್ಲಿ ಮಗ್ನನಾಗುತ್ತಿದ್ದೆ.

ಚಿತ್ರದ ಕೆಲಸ ಬೇಡವೆಂದಿದ್ದೆ. ಆದರೆ ಹಗಲೆಲ್ಲ ಮಂಚದ ಪಕ್ಕ ಸುಮ್ಮನೆ ಕೂತರೆ ಇಬ್ಬರಿಗೂ ಹುಚ್ಚು ಹಿಡಿಯುತ್ತದೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅಕ್ಕನ ಮಂಚದ ಎದುರಿಗೇ ನನ್ನ ಮೇಜು ಹಾಕಿಕೊಂಡೆ. ಹೆದರಿಸುವಂಥದ್ದು ಏನನ್ನೂ ಬರೆಯಬಾರದೆಂದು ಮೊದಲೇ ನಿಶ್ಚಯ ಮಾಡಿದ್ದೆ. ಹಿಂದುಮುಂದಾದ ಪಾದ ಬೇಡ, ಕೆಂಡದ ಕಣ್ಣು ಬೇಡ. ಇಳಕಲ್ಲ ಸೀರೆ ಉಟ್ಟ, ತಲೆ ತುಂಬ ಸೆರಗು ಹೊದ್ದ ನಮ್ಮ ಓಣಿಯ ಹೆಂಗಸರೇ. ಆದರೆ ಸೀರೆಯ ಅಂಚಿನಿಂದ ನೀರು ಇಳಿಯುತ್ತಿದೆ, ನಿಂತ ನೆಲ ಮಾತ್ರ ಒಣಗಿದೆ. ಅಷ್ಟೇ. ಮೊದಲನೆಯ ಚಿತ್ರ ಗೋಡೆಗೆ ಆನಿಸಿ ಇಟ್ಟಾಗ ಅಕ್ಕ ಬಹಳ ಹೊತ್ತು ನೋಡಿದಳು.

ಮೂರನೆಯದಕ್ಕೆ ಒಂದು ಘಟನೆಯಾಯಿತು. ಕೈಗಳು ಬರಿದಾಗಿ ಕಾಣುತ್ತವೆಂದು ಹಸಿರು ಬಳೆ ಬರೆದೆ. ಅಕ್ಕ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯತೊಡಗಿದಳು. ನೀರು ಬೇಕೇನೋ ಎಂದು ಕೊಟ್ಟೆ, ಕುಡಿಯಲಿಲ್ಲ. ಮಗ್ಗಲು ಬದಲಿಸಿದೆ, ಬಡಿತ ನಿಲ್ಲಲಿಲ್ಲ. ಕೊನೆಗೆ ಅವಳ ಕಣ್ಣು ಹೋದ ದಿಕ್ಕು ನೋಡಿ, "ಬಳಿ ಬ್ಯಾಡೇನಕ್ಕ?" ಎಂದೆ. ಕೈ ನಿಂತಿತು. ಬಳೆಗಳನ್ನು ತೊಳೆದು ಹಾಕಿದೆ. ಹೆಂಗಸರು ಒಡವೆ ವಸ್ತ್ರದ ವಿಷಯದಲ್ಲಿ ಯಾವ ಸ್ಥಿತಿಯಲ್ಲೂ ಅಭಿಪ್ರಾಯ ಬಿಟ್ಟುಕೊಡುವುದಿಲ್ಲ ಎಂದು ನನಗೆ ನಾನೇ ತಮಾಷೆ ಮಾಡಿಕೊಂಡು ಕೆಲಸ ಮುಂದುವರಿಸಿದೆ. ಅಂದು ಬೇರೆ ಏನೂ ಅನಿಸಲಿಲ್ಲ.

ಆರು ಚಿತ್ರ ಮುಗಿಯುವಾಗ ಮಳೆಗಾಲ ಜೋರಾಗಿತ್ತು. ಉಳಿದದ್ದು ರಜಾಕನ 'ಮತ್ತೊಬ್ಬಾಕಿ'. ಅವಳು ಮನುಷ್ಯರ ಪೈಕಿ, ಅವಳಿಗೆ ಬೇರೆಯೇ ಮುಖ ಬೇಕು ಎಂದು ಅವನ ಪಟ್ಟು. ನಾನು ಬರೆದ ಮುಖಗಳೆಲ್ಲ ಕ್ಯಾಲೆಂಡರಿನವಳ ಹಾಗೆ ಬರತೊಡಗಿದವು. ಬೇಸತ್ತು ಅವಳನ್ನು ಬೆನ್ನು ಕಾಣುವಂತೆ ಬರೆದೆ. ಸ್ವಲ್ಪ ಬಾಗಿದ ಬೆನ್ನಿನ ಮುದುಕಿ ಹೊಳೆಯ ಮೆಟ್ಟಿಲು ಇಳಿಯುತ್ತಿದ್ದಾಳೆ. ಅಕ್ಕನನ್ನು ನೋಡಿ ಬರೆದದ್ದಲ್ಲ. ಅವಳು ಮಲಗಿದ್ದಳು, ಬೆನ್ನು ಕಾಣುವ ಪ್ರಶ್ನೆಯೇ ಇರಲಿಲ್ಲ. ಬೆನ್ನು ಯಾರದೂ ಆಗಬಹುದು.

ಆ ಮಧ್ಯಾಹ್ನ ಮೋಡ ಎಷ್ಟು ಕವಿದಿತ್ತೆಂದರೆ ದೀಪ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಒಡ್ಡಿನ ಮೇಲೆ ನೀರು ಬಿದ್ದು ಪಾತ್ರೆಗಳು ಗುಂಯ್ ಅನ್ನುತ್ತಿದ್ದವು. ಅಕ್ಕನಿಗೆ ಗಂಜಿ ಕುಡಿಸಿ, ನಾನು ಉಂಡು, ಕೊನೆಯ ಚಿತ್ರಕ್ಕೆ ಕೊನೆಯ ಕೈ ಹಚ್ಚುತ್ತಿದ್ದಾಗ ರಜಾಕನ ಫೋನು ಬಂತು. ಕೈಯೆಲ್ಲ ಬಣ್ಣ, ಫೋನನ್ನು ನೀರಿನ ಲೋಟಕ್ಕೆ ಆನಿಸಿ ಸ್ಪೀಕರ್ ಹಾಕಿದೆ.

"ಮುಗದಾವೇನ್ ಸರ? ಪ್ರೆಸ್ಸಿನಾವ್ರು ಗಂಟ್ಲಮ್ಯಾಲ ಕುಂತಾರ."

"ಮುಗದಾವಪಾ."

"ಎಲ್ಲಾ? ಆ ಮತ್ತೊಬ್ಬಾಕೀನೂ?"

ನನ್ನೊಳಗಿನ ಮಾಸ್ತರ ಕೆರಳಿದ. ವಿದ್ಯಾರ್ಥಿ ಒಂದೇ ತಪ್ಪನ್ನು ಇಷ್ಟು ಪ್ರೀತಿಯಿಂದ ಸಾಕಿಕೊಂಡದ್ದನ್ನು ಯಾವ ಮಾಸ್ತರನೂ ಸಹಿಸುವುದಿಲ್ಲ. "ಅಕಿ ಮತ್ತೊಬ್ಬಾಕಿ ಅಲ್ಲೋ ರಜಾಕ, ಲೆಕ್ಕದಾಗಿನಾಕಿ. ಎಣಿಸಿ ಹೇಳ್ತೇನಿ ಕೇಳ" ಎಂದು ಗೋಡೆಗೆ ಆನಿಸಿದ ಚಿತ್ರಗಳ ಕಡೆಗೆ ಕುಂಚದ ಹಿಡಿ ತೋರಿಸುತ್ತಾ ತರಗತಿಯ ಧ್ವನಿಯಲ್ಲಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರಕ್ಕೆ ನಾಲಿಗೆ ತಾನೇ ತಡೆಯಿತು. ನಮ್ಮ ಮನೆಯ ನಾಲಿಗೆ ಅದು. ತಡೆದದ್ದಕ್ಕೇ ಸಿಟ್ಟು ಬಂದು ಮುಂದಿನದನ್ನು ಇನ್ನಷ್ಟು ಗಟ್ಟಿಯಾಗಿ, ಅಕ್ಷರ ಬಿಡಿಸಿ ಅಂದೆ. "ಏಳು."

ಹಿಂದೆ ಮಂಚ ಕಿರುಗುಟ್ಟಿತು.

ತಿರುಗಿ ನೋಡಿದರೆ ಅಕ್ಕ ಮಂಚದ ಅಂಚಿಗೆ ಕೂತಿದ್ದಳು. ಎರಡೂ ಪಾದ ನೆಲದ ಮೇಲಿದ್ದವು. ನಾನು ಎದ್ದೆನೋ ಇಲ್ಲವೋ, ಕುಂಚ ಕೈಯಲ್ಲೇ ಇತ್ತೋ ಬಿತ್ತೋ ತಿಳಿಯದು. ಅವಳು ನನ್ನನ್ನು ನೋಡುತ್ತಿರಲಿಲ್ಲ. "ಬಂದೆ, ನಿಂದರ್ರಿ" ಎಂದಳು.

ತಿಂಗಳುಗಟ್ಟಲೆ ಮಾತು ಸತ್ತಿದ್ದ ಬಾಯಿ ಅದು. ಮಾತು ತೊದಲಲಿಲ್ಲ. ಇನ್ನೂ ಒಂದು ಸಂಗತಿ ಆಗಲೇ ಕಿವಿಗೆ ಚುಚ್ಚಿತು: ಹುಟ್ಟಿದಂದಿನಿಂದ ಅಕ್ಕ ನನಗೆ ಒಂದು ಸಲವೂ 'ರಿ' ಹಚ್ಚಿ ಮಾತಾಡಿದವಳಲ್ಲ. ನಿಲ್ಲಿರಿ ಎಂದದ್ದು ನನಗಲ್ಲ.

ಎದ್ದು ನಿಂತಳು. ಹೊಸಬರ ಮುಂದೆ ಹಾಯುವಾಗ ಮಾಡುವಂತೆ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಅದೂ ಬಲಗೈಯಿಂದ. ಚಿತ್ರಗಳ ಮುಂದಿನಿಂದಲೇ ನಡೆದು ಹೋದಳು. ಅವುಗಳ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಕಾಲು ಎಳೆಯಲಿಲ್ಲ, ಗೋಡೆ ಹಿಡಿಯಲಿಲ್ಲ. ಹಿತ್ತಲ ಬಾಗಿಲ ಮುಂದೆ ನಿಂತು, "ತಮ್ಮಾ, ಬಾಗಲಾ ತಗೀ. ತೊಯ್ಯಾಕತ್ತಾರ" ಎಂದಳು.

ಮಳೆಯಲ್ಲಿ ಯಾರೋ ನೆನೆಯುತ್ತಿದ್ದಾರೆ, ಬಾಗಿಲು ತೆಗಿ ಎಂದು. ತೆಗೆದೆ. ಅಕ್ಕ ಹೇಳಿದ್ದನ್ನು ಮಾಡಿಯೇ ದೊಡ್ಡವನಾದವನು, ಬೇರೆ ಏನೂ ತೋಚಲಿಲ್ಲ. ಹೊರಗೆ ಯಾರೂ ಇರಲಿಲ್ಲ. ಕೆಂಪು ನೀರು ಮೇಲಿನ ಮೆಟ್ಟಿಲವರೆಗೆ ಬಂದಿತ್ತು, ಸಣ್ಣ ಮಳೆ ಹಿಡಿದಿತ್ತು. ಅಕ್ಕ ಹೊಸ್ತಿಲಲ್ಲಿ ನಿಂತು, ಎದುರಿನವರು ಆಡುವುದನ್ನು ಕೇಳಿಸಿಕೊಳ್ಳುವವಳಂತೆ ತಲೆ ಸ್ವಲ್ಪ ಓರೆ ಮಾಡಿದ್ದಳು. ಒಮ್ಮೆ ಹೂಂಗುಟ್ಟಿದಳು. ನಾನು ಅವಳ ತೋಳು ಹಿಡಿದುಕೊಂಡಿದ್ದೆ. ತೋಳು ಬೆಚ್ಚಗಿತ್ತು, ಬಲವಿತ್ತು. ಆಮೇಲೆ ನನ್ನ ಕಡೆ ತಿರುಗಿ, ಪೇಟೆಯಿಂದ ಬಂದ ಸುದ್ದಿ ಹೇಳುವವಳಂತೆ, "ಇವತ್ತಲ್ಲಂತ" ಎಂದಳು.

"ಯಾರಕ್ಕ? ಯಾರ ಅಂದ್ರು?"

ಅಕ್ಕ ನನ್ನ ಮುಖ ನೋಡಿ ನಕ್ಕಳು. ಬಾಯಿಯ ಎರಡೂ ಬದಿ ಸಮನಾಗಿ ನಕ್ಕವು. "ಉಂಡೀಯೇನೋ?" ಎಂದಳು.

ಉಂಡೆ ಎಂದೆ. ತಾನೇ ನಡೆದು ಬಂದು ಮಂಚದ ಮೇಲೆ ಕೂತಳು. ನಾನು ದಿಂಬು ಸರಿಮಾಡಿ ತಲೆ ಇಡುವಷ್ಟರಲ್ಲಿ ಬಾಯಿ ಮತ್ತೆ ಜೋತಿತ್ತು, ಬಲಗೈ ಹಾಸಿಗೆಯ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ಕರೆದೆ. ಕಣ್ಣು ನನ್ನ ಕಡೆ ಬಂತು. ಅದೇ ಹಳೆಯ ನೋಟ.

ಫೋನು ಆಗಲೇ ಕಟ್ಟಾಗಿತ್ತು. ಸ್ವಲ್ಪ ಸುಧಾರಿಸಿಕೊಂಡು ನಾನೇ ರಜಾಕನಿಗೆ ಹಚ್ಚಿದೆ. ನನಗೆ ಬೇಕಿದ್ದದ್ದು ಒಬ್ಬ ಸಾಕ್ಷಿ. ಅಕ್ಕನ ಧ್ವನಿ ಅವನಿಗೂ ಕೇಳಿಸಿದ್ದರೆ ನನ್ನ ತಲೆ ಸರಿಯಿದೆ ಎಂದಾಗುತ್ತಿತ್ತು. ಫೋನು ಯಾಕಿಟ್ಟೆ ಎಂದು ಕೇಳಿದೆ, ಅಷ್ಟೇ. ಬೇರೆ ಏನನ್ನೂ ಹೇಳಲಿಲ್ಲ.

"ಮನಿಗಿ ಹೆಣ್ಣಮಕ್ಕಳು ಬಂದಿದ್ರಲ್ರಿ ಸರ" ಎಂದ. "ಮಂದಿ ಬಂದಾಗ ನಡುವ ನಂದೇನು ಅಂತ ಇಟ್ಟೆ."

"ಎಷ್ಟ ಮಂದಿ ಇದ್ದಂಗ ಕೇಳಿಸ್ತೋ?"

"ಏನ್ ಸರ, ಹೆಣ್ಣಮಕ್ಕಳು ಎಲ್ಲಾರೂ ಒಮ್ಮೆಲೆ ಮಾತಾಡಿದ್ರ ಎಣಸಾಕ ಆಕ್ಕೈತೇನ್ರಿ? ನಗಾಕತ್ತಿದ್ರು. ನೀರ ಸಪ್ಪಳದಾಗ ಏನೂ ತಿಳೀಲಿಲ್ಲ. ಒಬ್ಬಾಕಿ 'ಗಡಬಡಿ ಏನಿಲ್ಲ ತಗೋ' ಅಂದಂಗಾತು. ಯಾಕ್ರಿ, ಸುನಂದಕ್ಕಾರ ಬಂದಾರೇನ?"

ಹೌದು, ಬಂದಿದ್ದಾಳೆ ಎಂದು ಫೋನಿಟ್ಟೆ. ಸುನಂದಾ ಆ ಹೊತ್ತಿಗೆ ಬೆಲ್ಲದ ಬಾಗೇವಾಡಿಯಲ್ಲಿ ಅತ್ತೆಗೆ ಗುಳಿಗೆ ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಅಕ್ಕ, ನಾನು, ಗೋಡೆಗೆ ಆನಿಸಿದ ಚಿತ್ರಗಳು, ಇಷ್ಟೇ. ನಿಜ ಹೇಳಿದ್ದರೆ ರಜಾಕ ಎರಡನೆಯ ಭಾಗ ಬರೆದುಬಿಡುತ್ತಿದ್ದ.

ಡಾಕ್ಟರಿಗೆ ಮಾತ್ರ ಹೇಳಿದೆ. ಹೀಗಾಗುವುದುಂಟು, ಮಿದುಳು ಒಮ್ಮೊಮ್ಮೆ ಆರುವ ಮೊದಲು ಭುಗ್ಗೆನ್ನುವ ದೀಪದಂತೆ ಎಂದು ಏನೋ ವಿವರಿಸಿದರು. ಬೇರೆ ಯಾರಾದರೂ ಇದನ್ನು ನೋಡಿದ್ದರೇ ಎಂದು ಕೇಳಿದರು. ಇಲ್ಲವೆಂದೆ. ಆಗ ಅವರು ಬಹಳ ಸೌಜನ್ಯದಿಂದ ನನ್ನ ಬಿ.ಪಿ. ನೋಡಿದರು. ಸ್ವಲ್ಪ ಹೆಚ್ಚಿತ್ತು. ವಿಜ್ಞಾನಕ್ಕೆ ಅಷ್ಟು ಸಾಕಾಯಿತು.

ನನಗೆ ಸಾಲಲಿಲ್ಲ. ಅಕ್ಕ ಎದ್ದಿದ್ದಳು. ಒಮ್ಮೆ ಎದ್ದವಳು ಇನ್ನೊಮ್ಮೆ ಏಳಬಾರದೇಕೆ? ಆ ದಿನಗಳಲ್ಲಿ ನಾನು ಮಾಡಿದ್ದನ್ನು ಬರೆಯಲು ಸಂಕೋಚವಾಗುತ್ತದೆ. ಚಿತ್ರಗಳನ್ನು ರಜಾಕನಿಗೆ ಕೊಡದೆ ಇಟ್ಟುಕೊಂಡೆ. ಅದೇ ಗೋಡೆಗೆ ಅದೇ ಸಾಲಿನಲ್ಲಿ ಆನಿಸಿ, ಮಂಚಕ್ಕೆ ಬೆನ್ನು ಹಾಕಿ ನಿಂತು, ಕುಂಚದ ಹಿಡಿಯಿಂದ ಒಂದೊಂದನ್ನೇ ತೋರಿಸುತ್ತಾ ಎಣಿಸುತ್ತಿದ್ದೆ. ಗಟ್ಟಿಯಾಗಿ ಅಂದೆ, ಮೆಲ್ಲಗೆ ಅಂದೆ. ಮೋಡವಿದ್ದಾಗ ಅಂದೆ, ದೀಪ ಹಾಕಿ ಅಂದೆ. ನಿವೃತ್ತ ಮಾಸ್ತರನೊಬ್ಬ ಹುಡುಗರಿಲ್ಲದ ಕೋಣೆಯಲ್ಲಿ ಏಳರವರೆಗೆ ಎಣಿಸಿ, ಏಳಕ್ಕೆ ನಿಂತು, ಹಿಂದೆ ಮಂಚ ಕಿರುಗುಟ್ಟುತ್ತದೇನೋ ಎಂದು ಉಸಿರು ಹಿಡಿದು ಕೇಳುತ್ತಿದ್ದ ದೃಶ್ಯ ಹೊರಗಿನವರ ಕಣ್ಣಿಗೆ ಬೀಳಲಿಲ್ಲ, ಪುಣ್ಯ. ಮಂಚ ಸುಮ್ಮನಿತ್ತು. ಪಾತ್ರೆಗಳಷ್ಟೇ ಗುಂಯ್ ಅನ್ನುತ್ತಿದ್ದವು. ಕೊನೆಗೊಂದು ದಿನ ಅಕ್ಕ ಎಡಗೈಯಿಂದ ಮಂಚದ ಪಟ್ಟಿ ಬಡಿದಳು. ತಿರುಗಿ ನೋಡಿದೆ. ಕಣ್ಣಲ್ಲಿ ನೀರಿತ್ತು. ಸಾಕೇನಕ್ಕ ಎಂದೆ. ಕೈ ನಿಂತಿತು. ಚಿತ್ರಗಳನ್ನು ಅಂದೇ ಹಾಳೆ ಸುತ್ತಿ ಮೂಡಲಗಿ ಬಸ್ಸಿಗೆ ಕೊಟ್ಟು ಕಳಿಸಿದೆ.

ಮಳೆ ನಿಂತು ಹೊಳೆ ಇಳಿದ ಮೇಲೆ ಅಕ್ಕ ಹೋದಳು. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಸುನಂದಾ ಪಕ್ಕದಲ್ಲಿ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ನಾನು ಹಾಲು ತರಲು ಹೋಗಿದ್ದೆ. ಬರುವಷ್ಟರಲ್ಲಿ ಮುಗಿದಿತ್ತು. ಏನಾದರೂ ಅಂದಳೇ ಎಂದು ಕೇಳಿದೆ, ಇಲ್ಲವೆಂದಳು. ಯಾರಾದರೂ ನಕ್ಕದ್ದಾಗಲಿ ಮಾತಾಡಿದ್ದಾಗಲಿ ಯಾರಿಗೂ ಕೇಳಿಸಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಹೂ ಏರಿಸಿ ಕೂಡಿಸಿದ್ದರು. ಅಷ್ಟು ತಿಂಗಳಾದ ಮೇಲೆ ಅಕ್ಕ ನೆಟ್ಟಗೆ ಕೂತದ್ದು ನೋಡಿ ನನಗೆ ಅಳು ಬರಲಿಲ್ಲ, ಬೇರೆ ಏನೋ ಬಂತು. ಅದಕ್ಕೆ ಹೆಸರು ಗೊತ್ತಿಲ್ಲ.

ಎಲ್ಲ ವಾದಗಳನ್ನೂ ನಾನೇ ಹೂಡಿ ನೋಡಿದ್ದೇನೆ. ಏಳು ಎಂಬ ಮಾತಿಗೆ ಎದ್ದಳು ಅನ್ನೋಣವೆಂದರೆ ಆ ಮಾತನ್ನು ದಿನಬೆಳಗಾದರೆ ಅವಳ ಭುಜ ಹಿಡಿದು ಅಂದಿದ್ದೆ, ಏಳಲಿಲ್ಲ. ಅವಳಿಗಲ್ಲದೆ ಬರೀ ಲೆಕ್ಕಕ್ಕೆ ಅಂದಾಗ ಎದ್ದಳು. ಹಾಗಾದರೆ ಆ ಮಧ್ಯಾಹ್ನ ನಾನು ಎಬ್ಬಿಸಿದ್ದು ಯಾರನ್ನು? ಅವಳಾಗಿಯೇ ಎದ್ದಳು, ಮಿದುಳಿನ ಆಟ ಅನ್ನೋಣವೆಂದರೆ ಮೂಡಲಗಿಯ ಅಂಗಡಿಯಲ್ಲಿ ಕೂತ ರಜಾಕನ ಕಿವಿಗೆ ಏನಾಗಿತ್ತು? ರಜಾಕ ಕಲ್ಪನೆಯ ಮನುಷ್ಯ, ಇಲ್ಲದ್ದನ್ನು ಕೇಳಿಸಿಕೊಳ್ಳುವುದೇ ಅವನ ಕಸುಬು, ಒಪ್ಪುತ್ತೇನೆ. ಆದರೆ ಅವನು ಅದನ್ನು ಕಥೆಯಾಗಿ ಹೇಳಲಿಲ್ಲ. ನೆಂಟರು ಬಂದ ಮನೆಯಲ್ಲಿ ನಡುವೆ ಬಾಯಿ ಹಾಕಬಾರದೆಂದು ಮರ್ಯಾದೆಯಿಂದ ಫೋನಿಟ್ಟಿದ್ದ. ಮರ್ಯಾದೆಗೆ ಹೇಳಿದ ಮಾತನ್ನು ಸುಳ್ಳೆನ್ನಲು ನನಗೆ ಧೈರ್ಯ ಸಾಲದು.

ಸುನಂದಾಳಿಗೆ ಆ ಮಧ್ಯಾಹ್ನದ ಸಂಗತಿಯನ್ನು ದಿನಕರ್ಮ ಮುಗಿದ ಮೇಲೆ ಹೇಳಿದೆ. ಯಾರು ನಿಂತಿದ್ದರು, ಯಾರು ನಕ್ಕರು ಎಂಬುದನ್ನೆಲ್ಲ ಬಿಟ್ಟು, ಅವ್ವ ಒಂದು ದಿನ ಎದ್ದು ಹಿತ್ತಲ ಬಾಗಿಲವರೆಗೆ ನಡೆದಿದ್ದಳು ಎಂದಷ್ಟೇ. ಅವಳು ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನೆದುರು ಕೂತುಬಿಟ್ಟಳು. ಅಂದಿನಿಂದ ಬಂದಾಗಲೆಲ್ಲ ಕೇಳುತ್ತಾಳೆ. "ಖರೇನ ನಡದ್ಲೇನ್ ಮಾಮಾ?" ನಡೆದಳು ಎನ್ನುತ್ತೇನೆ. "ಕಾಲ ಎಳೀಲಿಲ್ಲ?" ಎಳೆಯಲಿಲ್ಲ. "ಯಾರನೂ ಹಿಡೀಲಾರದ?" ಯಾರನ್ನೂ ಹಿಡಿಯದೆ. ಪ್ರತಿಸಲವೂ ಹೊಸದಾಗಿ ಕೇಳಿದವಳಂತೆ ಕಣ್ಣು ಒರೆಸಿಕೊಂಡು, ಮುಖ ಹಗುರ ಮಾಡಿಕೊಂಡು ಚಹಾ ಮಾಡಲು ಏಳುತ್ತಾಳೆ. ಅವಳಿಗೆ ಅಷ್ಟು ಸಾಕು. ಅಷ್ಟೇ ಸಾಕಾಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಮೊನ್ನೆ ಬಂದಾಗ ಚಹಾಕ್ಕೆ ಏಳಲಿಲ್ಲ. ಕೂತಲ್ಲಿಂದಲೇ, "ಅವ್ವಗ ಅಂಜಿಕಿ ಆಗಿತ್ತೇನ್ ಮಾಮಾ?" ಎಂದಳು.

ಅವಳಿಗೆ ಎಷ್ಟು ತಿಳಿದಿದೆಯೋ, ರಜಾಕ ಏನಾದರೂ ಬಾಯಿಬಿಟ್ಟನೋ, ನಾನು ಕೇಳಲಿಲ್ಲ. ಆ ಮಧ್ಯಾಹ್ನದ ಬಗ್ಗೆ ಯಾರು ಏನೇ ಕೇಳಿದರೂ ನನ್ನ ಹತ್ತಿರ ಖಾತ್ರಿಯ ಉತ್ತರ ಇರುವುದು ಈ ಒಂದು ಪ್ರಶ್ನೆಗೆ ಮಾತ್ರ.

"ಇಲ್ಲವ್ವ" ಎಂದೆ. "ಅಕಿಗಿ ಆಗಿರಲಿಲ್ಲ."